ನಿಂತುಹೋದ ಹಳೇ ಮಾರಿಸ್ ಮೈನರ್ ಕಾರನ್ನು ಮನೆಯಲ್ಲೇ ಸರಿಮಾಡಬಹುದಾ? ಬಿಡಿಭಾಗ ಹುಡುಕೋದು ಹೇಗೆ?

ಎಂಟು ವರ್ಷ ಶೆಡ್ಡಲ್ಲೇ ನಿಂತ 1964ರ ಮೈನರ್, ಎಂಜಿನ್ ಜಾಮ್ ಆಗಿದೆ, ಬಿಡಿಭಾಗ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತೆ, ಮನೆಯಲ್ಲೇ ಮಾಡಲೂಬಹುದು. ನನ್ನ ಹತ್ತಿರ ಇರುವುದೂ ಅದೇ ಕಾರು. ಭಾನುವಾರ ಮಾತ್ರ ಕೈ ಹಚ್ಚಿದ್ದರಿಂದ ಮೂರು ವರ್ಷ ಹಿಡಿಯಿತು. ಅದರಲ್ಲಿ ಅರ್ಧ ಬರೀ ಹುಡುಕಾಟ.

ಆ ಹುಡುಕಾಟದಲ್ಲಿ ಜಾಸ್ತಿ ಪಾಲು ನನ್ನ ದಡ್ಡತನವೇ. ಒಂದು ಬೇರಿಂಗ್‌ಗೆ ನಾಲ್ಕು ತಿಂಗಳು ಕಾರಿನ ಹೆಸರು ಹೇಳಿಕೊಂಡು ಅಲೆದೆ. 'ಅಷ್ಟು ಹಳೇದು ಎಲ್ಲಿ ಬರುತ್ತೆ ಸಾರ್' ಅನ್ನುವುದೇ ಉತ್ತರ. ಒಂದು ದಿನ ಸುಮ್ನೆ ಸೀಮೆಎಣ್ಣೆಯಲ್ಲಿ ಅದ್ದಿ ಬಟ್ಟೆಯಲ್ಲಿ ಒರೆಸಿದೆ. ಉಂಗುರದ ಅಂಚಿನಲ್ಲಿ ಸಣ್ಣಗೆ ನಂಬರ್ ಕೆತ್ತಿತ್ತು! ಆ ನಂಬರ್ ಹೇಳಿದೆ, ಮಾರನೇ ದಿನವೇ ಸಿಕ್ಕಿತು. ಬೇರಿಂಗ್‌ಗೆ ತಾನು ಯಾವ ಕಾರಿನದು ಅನ್ನೋದು ಗೊತ್ತಿರಲ್ಲ ನೋಡಿ. 6204 ಅಂದರೆ ಒಳಗಿನ ತೂತು 20 ಮಿ.ಮೀ., ಹೊರಗೆ 47, ಅಗಲ 14. ಪಂಪಿನಲ್ಲಿರಲಿ, ಮೋಟರಿನಲ್ಲಿರಲಿ, ಅಷ್ಟೇ. ಆಯಿಲ್ ಸೋರದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಆಯಿಲ್ ಸೀಲ್‌ಗೂ ಇದೇ ದಾರಿ: ಶಾಫ್ಟಿನ ದಪ್ಪ, ಕೂರುವ ಗುಂಡಿಯ ಅಳತೆ, ಅಗಲ. ಇದನ್ನೆಲ್ಲ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳಿ. ಹೊಸದು ಬಂದು ಸರಿಯಾಗಿ ಕೂರುವವರೆಗೆ ಹಳೇದನ್ನು ಎಸೆಯಬೇಡಿ, ಎಷ್ಟೇ ಹಾಳಾಗಿರಲಿ.

ನಿಮ್ಮ ಅದೃಷ್ಟ ಚೆನ್ನಾಗಿದೆ. 1948ರಿಂದ 1971ರವರೆಗೆ 16 ಲಕ್ಷ ಮೈನರ್ ತಯಾರಾಗಿವೆ. ನಿಮ್ಮದರ 1098 ಸಿಸಿ ಎಂಜಿನ್ ಎ-ಸೀರೀಸ್. ಇದೇ ಮನೆತನದ ಎಂಜಿನ್ ಮಿನಿಯಲ್ಲೂ ಎಂಜಿ ಮಿಡ್ಜೆಟ್‌ನಲ್ಲೂ ಇತ್ತು. ಹಾಗಾಗಿ ಆ ಕಾರುಗಳ ಸಾಮಾನನ್ನೂ ನೋಡಿ, ಆದರೆ ಪಾರ್ಟ್ ನಂಬರ್ ತಾಳೆ ಹಾಕದೆ ದುಡ್ಡು ಕೊಡಬೇಡಿ. ಬ್ರೇಕಿನ ರಬ್ಬರ್, ಹೋಸ್ ಮಾತ್ರ ಹೊಸದೇ ಬೇಕು. ಇಲ್ಲಿ ಸೆಕೆಂಡ್ ಹ್ಯಾಂಡ್ ಮಾತೇ ಬೇಡ.

ಬಿಚ್ಚುವ ಮೊದಲು ಇಂಚಿನ ಸ್ಪ್ಯಾನರ್ ಸೆಟ್ ತಗೊಳ್ಳಿ. ಅರ್ಧ ಇಂಚಿನ ಬೋಲ್ಟ್ ತಲೆ ಅಂದರೆ 12.7 ಮಿ.ಮೀ. 13ರ ಸ್ಪ್ಯಾನರ್ ಕೂತ ಹಾಗೇ ಕಾಣುತ್ತೆ, ಜೋರು ಹಾಕಿದಾಗ ಜಾರಿ ಮೂಲೆ ಸವೆಯುತ್ತೆ. ಆಮೇಲೆ ಉಳಿ, ಸುತ್ತಿಗೆ, ಬೈಗುಳ.

ಪೇಂಟು, ಸೀಟು ಎಲ್ಲಾ ಕೊನೆಗೆ. ಮೊದಲು ಮುಂದಿನ ಚಕ್ರದ ಹಿಂದೆ ಇರುವ ಟ್ರನಿಯನ್, ಅಂದರೆ ಚಕ್ರವನ್ನು ಹಿಡಿದಿರುವ ಥ್ರೆಡ್ ಇರುವ ಕೀಲು, ನೋಡಿ. ಗ್ರೀಸ್ ಕಾಣದೆ ಅದರ ಥ್ರೆಡ್ ಸವೆದರೆ ಒಂದು ದಿನ ಚಕ್ರ ಮಡಚಿಕೊಂಡು ಕಾರು ಮೂತಿ ಊರುತ್ತೆ. ಈ ಕಾರಿನ ಹಳೇ ಕಾಯಿಲೆ ಅದು. ನೋಡಲು ಕಾರಿನ ಕೆಳಗೆ ಹೋಗುವಾಗ ಬರೀ ಜಾಕ್ ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ.

ಇನ್ನು ಎಂಜಿನ್. ಸ್ಟಾರ್ಟರ್ ಹೊಡೆಯಲೇಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಎರಡು ಚಮಚ ತೆಳು ಆಯಿಲ್ ಹಾಕಿ, ಒಂದು ವಾರ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಕಾರನ್ನು ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ತೂಗಿ. ಆಗದಿದ್ದರೆ ಮತ್ತೆ ಆಯಿಲ್, ಮತ್ತೆ ಕಾಯೋದು. ನನ್ನದು ಒಂಬತ್ತನೇ ದಿನ 'ಟಕ್' ಅಂತ ಬಿಟ್ಟುಕೊಂಡಿತು. ನಿಮ್ಮದು ತಿರುಗಿದರೆ ಇಲ್ಲೇ ಬರೆಯಿರಿ, ಕಾರ್ಬ್ಯುರೇಟರ್ ವಿಷಯ ಆಗ ಹೇಳುತ್ತೇನೆ.