ರಾಬಿನ್ ಹುಡ್ ಕೊಟ್ಟ ಸಾಲ

ಶಹಾಪುರದ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ, ಉಳ್ಳವರನ್ನು ದೋಚಿ ಬಡವರಿಗೆ ಹಂಚಿದನೆನ್ನುವ ಇಂಗ್ಲೆಂಡಿನ ರಾಬಿನ್ ಹುಡ್ ಕಥೆ ಹಾಕಿದ್ದೀರಿ. ಕಳಬೇಡ ಎಂದ ಬಸವಣ್ಣನವರ ಸೀಮೆಯಲ್ಲಿ ದರೋಡೆಕೋರನನ್ನು ಮಕ್ಕಳಿಗೆ ಆದರ್ಶವಾಗಿ ತೋರಿಸುವುದು ಸರಿಯೇ? ಅಂಥವನೊಬ್ಬ ನಿಜಕ್ಕೂ ಇದ್ದನೇ? ನಮ್ಮೂರ ಮುಖಂಡರೊಬ್ಬರ ಹುಟ್ಟುಹಬ್ಬದ ಬ್ಯಾನರಿನಲ್ಲೂ ಈಗ 'ಬಡವರ ರಾಬಿನ್ ಹುಡ್' ಎಂದು ಬರೆಸಿದ್ದಾರೆ."

ಸಂಪಾದಕರ ಉತ್ತರ:

ಗುರುಗಳೇ, ಶರಣು. ಬಸವಣ್ಣನವರನ್ನು ನೆನೆದಿರಿ, ಸಂತೋಷ. ತಮ್ಮ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದರೆಂದು ಬೊಬ್ಬಿಡಬೇಡಿ, ಅಲ್ಲಿ ಉಣ್ಣುವವನೂ ಸಂಗನೇ ಎಂದವರೂ ಅವರೇ. ಹಾಗಾಗಿ ಅವರನ್ನು ಬರೀ ಪೊಲೀಸರ ಕಡೆಯ ಸಾಕ್ಷಿಯಾಗಿ ನಿಲ್ಲಿಸುವುದು ಕಷ್ಟ.

ರಾಬಿನ್ ಹುಡ್ ಇಂಥವನೇ ಎಂದು ಬೊಟ್ಟು ಮಾಡಿ ತೋರಿಸುವ ದಾಖಲೆಯಿಲ್ಲ. 14ನೆಯ ಶತಮಾನದ ಕೊನೆಯ ಹೊತ್ತಿಗೆ ಅವನ ಹಾಡುಗಳು ಇಂಗ್ಲೆಂಡಿನ ಜನರ ಬಾಯಲ್ಲಿದ್ದವು. 1500ರ ಆಸುಪಾಸಿನಲ್ಲಿ ಅಚ್ಚಾದ ಒಂದು ದೀರ್ಘ ಲಾವಣಿಯಲ್ಲಿ ಅವನ ಪ್ರಿಯತಮೆ ಮೇರಿಯನ್ ಇಲ್ಲ, ರಿಚರ್ಡ್ ದೊರೆಯೂ ಇಲ್ಲ. ಅಲ್ಲಿನ ದೊರೆ ಎಡ್ವರ್ಡ್. ರಾಬಿನ್ ಸಾಮಾನ್ಯ ಮನೆತನದವನು. ಅವನನ್ನು ಪದಚ್ಯುತ ಸರದಾರನನ್ನಾಗಿ ಮಾಡಿದ್ದು 1598ರ ನಾಟಕಗಳು. ಬಡವರ ಪರ ಹೋರಾಡುವವನೂ ದೊಡ್ಡ ಮನೆತನದವನೇ ಆಗಿರಬೇಕೆಂಬ ಹಟ ಅಲ್ಲಿಯೂ ಇತ್ತು, ನೋಡಿ.

ಆ ಲಾವಣಿಯ ಒಂದು ಪ್ರಸಂಗವನ್ನು ಕೇಳಬೇಕು. ಹಾದಿಯಲ್ಲಿ ಮಾಸಿದ ಬಟ್ಟೆಯ ಸರದಾರನೊಬ್ಬ ಸಿಕ್ಕುತ್ತಾನೆ. ರಾಬಿನ್ ಅವನಿಗೆ ಊಟ ಹಾಕಿಸಿ, ನಿನ್ನಲ್ಲಿ ಹಣವೆಷ್ಟಿದೆ ಎಂದು ಕೇಳುತ್ತಾನೆ. ಹತ್ತು ಶಿಲಿಂಗ್, ಅಂದರೆ ಅರ್ಧ ಪೌಂಡ್, ಎನ್ನುತ್ತಾನೆ ಅವನು. ಹುಡುಕಿದರೆ ಅಷ್ಟೇ ಇದೆ! ಕೊಲೆಯ ಪ್ರಕರಣದಲ್ಲಿ ಸಿಕ್ಕ ಮಗನನ್ನು ಉಳಿಸಿಕೊಳ್ಳಲು ಯಾರ್ಕ್ ನಗರದ ಮಠವೊಂದರಲ್ಲಿ 400 ಪೌಂಡಿಗೆ ಭೂಮಿಯನ್ನು ಒತ್ತೆಯಿಟ್ಟಿದ್ದಾನೆ, ವಾಯಿದೆ ಮುಗಿಯುತ್ತಿದೆ. ರಾಬಿನ್ 400 ಪೌಂಡ್ ಎಣಿಸಿ ಸಾಲ ಕೊಡುತ್ತಾನೆ. ಜಾಮೀನು? ಮಾತೆ ಮೇರಿ. ಸರದಾರ ಮಠಕ್ಕೆ ಹೋಗಿ ಮೊದಲು ಮೊಣಕಾಲೂರಿ ಇನ್ನಷ್ಟು ಸಮಯ ಬೇಡುತ್ತಾನೆ. ಭೂಮಿಯ ಮೇಲೆಯೇ ಕಣ್ಣಿಟ್ಟಿದ್ದ ಮಠಾಧಿಪತಿ ಒಪ್ಪುವುದಿಲ್ಲ. ಆಗ ಗಂಟು ಬಿಚ್ಚಿ ಹಣವನ್ನು ಮೇಜಿನ ಮೇಲೆ ಸುರಿಯುತ್ತಾನೆ.

ವರ್ಷದ ನಂತರ ಅದೇ ಮಠದ ಸನ್ಯಾಸಿ ರಾಬಿನ್ನನ ಕೈಗೆ ಸಿಕ್ಕುತ್ತಾನೆ. ಅದೇ ಊಟ, ಅದೇ ಪ್ರಶ್ನೆ. ಇಪ್ಪತ್ತು ಮಾರ್ಕ್, ಅಂದರೆ ಸುಮಾರು ಹದಿಮೂರು ಪೌಂಡ್, ಇದೆ ಎನ್ನುತ್ತಾನೆ. ಪೆಟ್ಟಿಗೆ ತೆಗೆದರೆ 800 ಪೌಂಡಿಗೂ ಹೆಚ್ಚು. ಮಾತೆ ಮೇರಿ ಸಾಲವನ್ನು ದುಪ್ಪಟ್ಟಾಗಿ ತೀರಿಸಿದಳೆಂದು ರಾಬಿನ್ ಅಷ್ಟನ್ನೂ ಇಟ್ಟುಕೊಳ್ಳುತ್ತಾನೆ. ಆಮೇಲೆ ಸಾಲ ಮರಳಿಸಲು ಸರದಾರ ಬಂದರೆ ಅವನಿಂದ ಬಿಡಿಗಾಸೂ ಮುಟ್ಟುವುದಿಲ್ಲ.

ಇದರಲ್ಲಿ ಎಲ್ಲಿಯೂ ನಾಣ್ಯ ತೂರುವ ದಾನಶೂರನಿಲ್ಲ. ಸಹಾಯ ಪಡೆದವನೂ ಕಡುಬಡವನಲ್ಲ, ಭೂಮಿ ಕಳೆದುಕೊಳ್ಳಲಿದ್ದ ಒಡೆಯ. ಮಠಾಧೀಶರಿಂದ ದೋಚಿ ಬಡವರಿಗೆ ಉಣಿಸಿದನೆಂದು 1521ರಲ್ಲಿ ಸ್ಕಾಟ್ಲೆಂಡಿನ ಇತಿಹಾಸಕಾರ ಜಾನ್ ಮೇಜರ್ ಬರೆದ. ಮುಂದೆ ಅದೇ ಮೆರೆಯಿತು. ನನಗೆ ಮಾತ್ರ ಆ ಸಾಲದ ಪ್ರಸಂಗವೇ ದೊಡ್ಡದು. ನಮ್ಮ ತೊಗರಿ ಬೆಳೆಗಾರನಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಪಹಣಿಯ ಮೇಲಿನ ಸಾಲದ ಬೋಜಾ, ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯ ಮುಂಗಡ, ರಾಶಿಗೆ ಮೊದಲೇ ಬರುವ ವಾಯಿದೆ ಅವನಿಗೆ ಗೊತ್ತು. ನಿಜಾಮರ ಕಾಲದ ಜಾಗೀರುಗಳು 1949ರಲ್ಲಿ ರದ್ದಾದವು, ಸಾಹುಕಾರರ ಕೈಯಲ್ಲಿದ್ದ ಸಾಲದ ಪತ್ರಗಳು ಉಳಿದವು. ಸಾಹುಕಾರರನ್ನು ದೋಚಿ ಬಡವರಿಗೆ ಹಂಚಿದನೆಂದು ಹೆಸರಾದ ಜತ್ತ ಸೀಮೆಯ ಬಂಡುಕೋರ ಸಿಂಧೂರ ಲಕ್ಷ್ಮಣ 1922ರಲ್ಲಿ ಬ್ರಿಟಿಷ್ ಪೊಲೀಸರ ಗುಂಡಿಗೆ ಬಲಿಯಾದ. ಅವನ ನಾಟಕಕ್ಕೆ ಜಾತ್ರೆಗಳಲ್ಲಿ ಇಂದಿಗೂ ಜನ ಸೇರುವುದು ಕಳ್ಳತನ ಕಲಿಯಲಿಕ್ಕಲ್ಲ.

ಮಕ್ಕಳ ಪುಟದಲ್ಲಿ ನಾವು ಹಾಕಿದ್ದು ಬಿಲ್ಲುಬಾಣದ ಸಾಹಸ. ಒತ್ತೆಯ ಕಥೆಯನ್ನೂ ಹಾಕುತ್ತೇವೆ. ಎಂಟನೆಯ ತರಗತಿಯವರು ತಮ್ಮ ಮನೆಯ ಲೆಕ್ಕದೊಂದಿಗೆ ಹೋಲಿಸಿಕೊಳ್ಳಲಿ.

ಇನ್ನು ನಿಮ್ಮೂರ ಬ್ಯಾನರು. ಸೀರೆ ಹಂಚಿದ ಮಾತ್ರಕ್ಕೆ ಆ ಹೆಸರು ಸಲ್ಲುವುದಿಲ್ಲ. ಚುನಾವಣೆಗೆ ನಿಂತವರು ಆಸ್ತಿಯ ಪ್ರಮಾಣಪತ್ರ ಸಲ್ಲಿಸಲೇಬೇಕು, ಅದನ್ನು ಯಾರು ಬೇಕಾದರೂ ಓದಬಹುದು. ನಿನ್ನಲ್ಲಿ ಹಣವೆಷ್ಟಿದೆ ಎಂಬ ಪ್ರಶ್ನೆಗೆ ನಿಮ್ಮ ಮುಖಂಡರು ಹತ್ತು ಶಿಲಿಂಗ್ ಎಂದಿದ್ದಾರೋ ಇಪ್ಪತ್ತು ಮಾರ್ಕ್ ಎಂದಿದ್ದಾರೋ ನೋಡಿ, ಬರೆಯಿರಿ. ಪತ್ರವನ್ನು ಪ್ರಕಟಿಸುತ್ತೇವೆ.