ಕೂಸನ್ನು ಮೊದಲು ಬೆಂಗಳೂರಿಗೆ ಕರೆದೊಯ್ಯಲಿ

ನ್ಯೂಜೆರ್ಸಿಗೆ ಬಂದು ಎಂಟು ತಿಂಗಳಾದ ನೀವು, ಹಾಸನದಲ್ಲಿರುವ ಅಕ್ಕನ 45 ದಿನದ ಕೂಸಿಗೆ ಬಿಲಿಯರಿ ಅಟ್ರೇಸಿಯಾ, ಅಂದರೆ ಪಿತ್ತನಾಳ ಮುಚ್ಚಿಹೋಗುವ ಅಪರೂಪದ ಕಾಯಿಲೆ ಇರುವುದನ್ನು ತಿಳಿಸಿ, ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಲು ಇಲ್ಲಿನ ಕನ್ನಡಿಗರಿಂದ ಹಣ ಕೂಡಿಸುವುದು ಹೇಗೆಂದು ಕೇಳಿದ್ದೀರಿ. ಇಲ್ಲಿ ನೆಲೆಸಿ 22 ವರ್ಷಗಳಾದ, ಇಂಥದೇ ಮಗುವೊಂದಕ್ಕಾಗಿ ಹಿಂದೆ ಹಣ ಎತ್ತಿದ ನಾನು ಹೇಳುವುದಿಷ್ಟು: ಕೂಸನ್ನು ಇಲ್ಲಿಗೆ ಕರೆತರುವ ಯೋಚನೆ ಬಿಡಿ, ಈ ವಾರವೇ ಬೆಂಗಳೂರಿಗೆ ಕರೆದೊಯ್ಯಲು ಹೇಳಿ.

ಪಿತ್ತ ಹರಿಯದೆ ಯಕೃತ್ತು ದಿನೇ ದಿನೇ ಕೆಡುತ್ತ ಹೋಗುವ ಈ ಕಾಯಿಲೆಗೆ, ಕರುಳನ್ನು ನೇರವಾಗಿ ಯಕೃತ್ತಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಜಪಾನಿನ ಮೊರಿಯೊ ಕಸಾಯ್ ರೂಪಿಸಿದರು. ಹುಟ್ಟಿದ 60 ದಿನಗಳೊಳಗೆ ಮಾಡಿದರೆ ಅದರ ಫಲ ಹೆಚ್ಚು. ಕೂಸಿಗೆ ಪಾಸ್‌ಪೋರ್ಟ್, ಇಲ್ಲಿನ ಆಸ್ಪತ್ರೆಯ ಪತ್ರ, ಖರ್ಚು ಭರಿಸಬಲ್ಲೆವೆಂಬ ದಾಖಲೆ, ಚಿಕಿತ್ಸೆಗೆಂದು ಬರುವವರಿಗೆ ಕೊಡುವ ಬಿ-2 ವೀಸಾ, ಆಸ್ಪತ್ರೆಗೆ ಮುಂಗಡ, ಇಷ್ಟನ್ನೂ ಹೊಂದಿಸುವಷ್ಟರಲ್ಲಿ ಉಳಿದ 15 ದಿನ ಮುಗಿದಿರುತ್ತದೆ. ನಾನು ಹೇಳಿದ ಆ ಮಗುವಿನ ತಾಯಿ ನಮಗೆ ಕಳಿಸಿದ್ದ ಚಿತ್ರದಲ್ಲಿ, ಬಟ್ಟೆಗೆ ಅಂಟಿದ ಮಲ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಕಾಮಾಲೆ ತಾನಾಗಿಯೇ ಇಳಿಯುತ್ತದೆಂದು ಎಳೆಬಿಸಿಲಿಗೆ ಹಿಡಿಯುತ್ತ ಮನೆಯವರು ಎರಡು ತಿಂಗಳು ಕಳೆದಿದ್ದರು. ವೀಸಾ ಕಾಯುತ್ತ ಇನ್ನೊಂದು ತಿಂಗಳನ್ನು ಕಳೆದವರು ನಾವು. ಆ ತಿಂಗಳು ಇಂದಿಗೂ ನನ್ನನ್ನು ಕಾಡುತ್ತದೆ.

ಹಾಗೆಂದು ಹಣ ಬೇಡವೆಂದಲ್ಲ. ಈ ಶಸ್ತ್ರಚಿಕಿತ್ಸೆಯಾದ ಅನೇಕ ಮಕ್ಕಳಿಗೆ ಮುಂದೆ ಯಕೃತ್ತಿನ ಕಸಿ ಬೇಕಾಗುತ್ತದೆ. ತಂದೆ ಅಥವಾ ತಾಯಿಯ ಯಕೃತ್ತಿನ ಒಂದು ಭಾಗವನ್ನೇ ತೆಗೆದು ಜೋಡಿಸಬಹುದು. 1998ರಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಯಶಸ್ವಿ ಮಕ್ಕಳ ಯಕೃತ್ತಿನ ಕಸಿ ನಡೆದದ್ದು ಇದೇ ಕಾಯಿಲೆಯ ಮಗುವಿಗೆ. ಈಗ ಬೆಂಗಳೂರಿನಲ್ಲಿಯೂ ಮಾಡುತ್ತಾರೆ. ಕಸಿಯ ಖರ್ಚಿಗೂ ಆಮೇಲಿನ ವರ್ಷಗಳ ಔಷಧಿಗೂ ನಾವು ಕೈಜೋಡಿಸೋಣ.

ಕಳೆದ ಸಲ ಕನ್ನಡ ಕೂಟದ ಯುಗಾದಿ ಊಟದ ದಿನ ಹಿರಿಯರೊಬ್ಬರು ಅರಿಸಿನ ಹಚ್ಚಿದ ಲಕೋಟೆಯಲ್ಲಿ 11 ಡಾಲರ್ ಇಟ್ಟು ಕೊಟ್ಟಿದ್ದರು. ಅಂಥ ಹಣವನ್ನೆಲ್ಲ ನನ್ನ ಸ್ವಂತ ಖಾತೆಗೆ ಹಾಕಿ ನಾನು ತಪ್ಪು ಮಾಡಿದೆ. ಆಮೇಲೆ ಯಾರದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವಾಯಿತು. ನೀವು ಬೇರೆಯೇ ಖಾತೆ ತೆರೆಯಿರಿ, ಹಣವನ್ನು ಆದಷ್ಟು ಆಸ್ಪತ್ರೆಯ ಬಿಲ್ಲಿಗೇ ನೇರವಾಗಿ ಕಟ್ಟಿ. ಇಲ್ಲಿನ ಪೌರತ್ವ ಪಡೆದ ಕನ್ನಡಿಗರ ಹಣ ಭಾರತದ ಕಾನೂನಿನ ಲೆಕ್ಕದಲ್ಲಿ ವಿದೇಶಿ ಕೊಡುಗೆ. ಆದ್ದರಿಂದ ಊರಿನ ಯಾವುದೇ ಟ್ರಸ್ಟಿಗೆ ಕಳಿಸುವ ಮೊದಲು ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ಕೊಡುಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ನೋಡಿಕೊಳ್ಳಿ. ವ್ಯಕ್ತಿಯೊಬ್ಬರಿಗೆ ಕೊಟ್ಟ ಹಣಕ್ಕೆ ಇಲ್ಲಿ ತೆರಿಗೆ ವಿನಾಯಿತಿ ಸಿಗದೆಂಬುದನ್ನೂ ಕೊಡುವವರಿಗೆ ಮೊದಲೇ ತಿಳಿಸಿ.

ಈಗಲೇ ಅಕ್ಕನಿಗೆ ಕರೆ ಮಾಡಿ. ಬೆಂಗಳೂರಿನ ಆಸ್ಪತ್ರೆಯ ಅಂದಾಜು ಪಟ್ಟಿ ಕೈಗೆ ಬಂದ ದಿನ ನನಗೆ ಕಳಿಸಿ. ಕೂಟದವರೊಡನೆ ನಾನೇ ಮಾತನಾಡುತ್ತೇನೆ.