ವಾಟ್ಸನ್ ಹೆಸರಿಗೂ ನೀರಿಗೂ ಸಂಬಂಧವಿಲ್ಲ

ವಾಟ್ಸನ್ ಎಂಬ ಅಡ್ಡಹೆಸರು ‘ವಾಟರ್’, ಅಂದರೆ ನೀರಿನಿಂದ ಬಂತೇ ಎಂದು ಕೇಳಿದ್ದೀರಿ. ಇಲ್ಲ, ಅದರರ್ಥ ವಾಟ್‌ನ ಮಗ. ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡಿಗೆ ತಂದ ವಾಲ್ಟರ್ ಹೆಸರನ್ನು ಆಗಿನ ಜನ ‘ಲ್’ ನುಂಗಿ ‘ವಾಟರ್’ ಎನ್ನುತ್ತಿದ್ದರು. ಅದರ ಮೊಟಕು ರೂಪ ವಾಟ್. 1381ರ ರೈತ ದಂಗೆಯ ಮುಂದಾಳು ವಾಟ್ ಟೈಲರ್‌ನದೂ ಇದೇ ಹೆಸರು. ‘ಸನ್’ ಸೇರಿಸುವ ರೂಢಿ ಉತ್ತರ ಇಂಗ್ಲೆಂಡಿನಲ್ಲಿ ಹೆಚ್ಚು. ದಕ್ಷಿಣದಲ್ಲಿ ಬರೀ ‘ಸ್’ ಸೇರಿ ವಾಟ್ಸ್ ಆಯಿತು. ವಾಟ್ಕಿನ್ಸ್ ಕೂಡ ಇದೇ ಬೇರಿನದು.

ವಂಶಾವಳಿ ಹುಡುಕುವುದಾದರೆ ಎಚ್ಚರ: ವಾಟ್‌ಗಳು ಊರೂರಲ್ಲಿ ಇದ್ದರು, ಹಾಗಾಗಿ ವಾಟ್ಸನ್‌ಗಳೆಲ್ಲ ಒಂದೇ ಮನೆತನದವರಲ್ಲ. ಇಂಗ್ಲೆಂಡಿನ ಚರ್ಚುಗಳಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮದುವೆ ಬರೆದಿಡುವ ಪದ್ಧತಿ ಶುರುವಾದದ್ದೇ 1538ರಲ್ಲಿ. ಹೆಸರಿನ ಕಾಗುಣಿತ ಬರೆದವರ ಕೈಯಂತೆ ಬದಲಾಗುತ್ತಿತ್ತು. ಎರಡು ‘ಟಿ’ ಇರುವ ರೂಪವನ್ನೂ (Wattson) ಹುಡುಕಿ. ಊರು ತಾಳೆಯಾಗದೆ ಯಾರನ್ನೂ ಮುತ್ತಜ್ಜ ಎಂದು ಸೇರಿಸಬೇಡಿ.